ಯೂನಿವರ್ಸಿಟಿಗೆ ಸ್ವಾಯತ್ತತೆ ಕೊಟ್ಟರೆ ಮಗಳ ಫೀಸು ಏರುತ್ತಾ?

ಪ್ರಶ್ನೆ: ಸರ್, ನಮ್ಮದು ಕುಕನೂರು ತಾಲ್ಲೂಕಿನ ಒಂದು ಹಳ್ಳಿ. ಮಳೆ ನಂಬಿದ ಬೇಸಾಯ. ಮಗಳು ಸರ್ಕಾರಿ ಕಾಲೇಜಿನಲ್ಲಿ ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದಾಳೆ, ಮುಂದೆ ಎಂಎಸ್ಸಿ ಮಾಡ್ತೀನಿ ಅಂತಾಳೆ. ಯೂನಿವರ್ಸಿಟಿಗಳಿಗೆ ಸ್ವಾಯತ್ತತೆ ಕೊಡಬೇಕು, ಸರ್ಕಾರ ಅದರಲ್ಲಿ ಕೈ ಹಾಕಬಾರದು ಅಂತ ಪೇಪರಿನಲ್ಲಿ ಬರುತ್ತಾ ಇರುತ್ತೆ. ಸರ್ಕಾರ ಕೈಬಿಟ್ಟರೆ ಫೀಸು ಏರುತ್ತೆ ಅಂತ ನಮ್ಮೂರ ಮಾಸ್ತರು ಹೇಳುತ್ತಾರೆ. ಯಾವುದು ನಿಜ?

ಉತ್ತರ: ನಿಮ್ಮೂರ ಮಾಸ್ತರ ಭಯ ಸುಳ್ಳಲ್ಲ. ಸ್ವಾಯತ್ತತೆ ಅನ್ನೋ ಮಾತನ್ನು ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಆಡುತ್ತಾರೆ. ಅಧ್ಯಾಪಕರು ಕೇಳುವುದು ಪಾಠ, ಪರೀಕ್ಷೆ, ನೇಮಕಾತಿಯ ತೀರ್ಮಾನ ನಮಗೆ ಬಿಡಿ ಅಂತ. ಹಣಕಾಸಿನವರ ಬಾಯಲ್ಲಿ ಅದೇ ಮಾತಿಗೆ, ನಿಮ್ಮ ಖರ್ಚಿಗೆ ನೀವೇ ದುಡಿದುಕೊಳ್ಳಿ ಅನ್ನೋ ಅರ್ಥ ಬರುತ್ತೆ. ಮೊದಲನೆಯದು ನಮಗೆ ಬೇಕೇ ಬೇಕು. ಎರಡನೆಯದು ನಮ್ಮ ಭಾಗಕ್ಕೆ ಬಂದರೆ ನಿಮ್ಮ ಮಗಳಂಥವರು ಓದು ಬಿಟ್ಟು ಮನೆಯಲ್ಲಿ ಕೂರಬೇಕಾಗುತ್ತೆ.

ಇದು ಸುಮ್ನೆ ಹೆದರಿಸುವ ಮಾತಲ್ಲ. 2018ರಲ್ಲಿ ಯುಜಿಸಿ, ಅಂದರೆ ದೇಶದ ವಿವಿಗಳ ಮೇಲ್ವಿಚಾರಣೆ ನೋಡುವ ಕೇಂದ್ರದ ಆಯೋಗ, ಒಂದು ನಿಯಮ ತಂದಿತು. ವಿವಿಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯಿಂದ 3.51 ಅಥವಾ ಅದಕ್ಕಿಂತ ಜಾಸ್ತಿ ಅಂಕ ಪಡೆದ ವಿವಿಗೆ ಹೆಚ್ಚು ಸ್ವಾತಂತ್ರ್ಯ, 3.26ರಿಂದ 3.50ರವರೆಗಿನವರಿಗೆ ಸ್ವಲ್ಪ ಕಡಿಮೆ, ಉಳಿದವರು ಇದ್ದಲ್ಲೇ. ಮೇಲಿನ ದರ್ಜೆಯವರು ಯುಜಿಸಿಯನ್ನು ಕೇಳದೆ ಹೊಸ ಕೋರ್ಸು ಶುರು ಮಾಡಬಹುದು. ಆದರೆ ಅದಕ್ಕೆ ಸರ್ಕಾರದ ದುಡ್ಡು ಕೇಳುವಂತಿಲ್ಲ. ಹಾಗಾದರೆ ಆ ಕೋರ್ಸು ನಡೆಯುವುದು ಯಾರ ದುಡ್ಡಿನಿಂದ? ವಿದ್ಯಾರ್ಥಿಯ ಜೇಬಿನಿಂದಲೇ ಅಲ್ವಾ? ದೊಡ್ಡ ಊರಿನ ವಿವಿಗಳು ಹೇಗೋ ನಿಭಾಯಿಸಬಹುದು. ಕೊಪ್ಪಳ, ರಾಯಚೂರಿನಲ್ಲಿ ಅಷ್ಟು ಫೀಸು ಕಟ್ಟುವವರು ಎಷ್ಟು ಮಂದಿ ಸಿಗುತ್ತಾರೆ?

ಇನ್ನು ಈಗ ಯಾರ ಹಿಡಿತ ಎಷ್ಟಿದೆ ಅಂತ ನೋಡೋಣ. ನಮ್ಮ ಹೆಚ್ಚಿನ ವಿವಿಗಳು ನಡೆಯುವುದು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000ರ ಪ್ರಕಾರ. ರಾಜ್ಯಪಾಲರು ಕುಲಾಧಿಪತಿ, ಉನ್ನತ ಶಿಕ್ಷಣ ಸಚಿವರು ಸಹ ಕುಲಾಧಿಪತಿ. ಕುಲಪತಿಯ (ವೈಸ್ ಚಾನ್ಸಲರ್) ಹೆಸರನ್ನು ಶೋಧನಾ ಸಮಿತಿ ಸೂಚಿಸಿದರೂ ಸರ್ಕಾರದ ಸಹಮತಿ ಬೇಕು. ಕುಲಸಚಿವರನ್ನು (ರಿಜಿಸ್ಟ್ರಾರ್) ಸರ್ಕಾರವೇ ಕಳಿಸುತ್ತೆ. ವಿವಿಯ ಆಡಳಿತ ನಡೆಸುವ ಮಂಡಳಿಯಾದ ಸಿಂಡಿಕೇಟಿಗೆ ಸರ್ಕಾರ ನಾಮನಿರ್ದೇಶನ ಮಾಡಿದ ಸದಸ್ಯರು ಬರುತ್ತಾರೆ. ಹೊಸ ಹುದ್ದೆ ಬೇಕೆಂದರೆ ಬೆಂಗಳೂರು, ಇರುವ ಹುದ್ದೆ ತುಂಬಬೇಕೆಂದರೂ ಬೆಂಗಳೂರು.

ಒಂದು ಕಡತದ ಕಥೆ ಹೇಳುತ್ತೇನೆ. ನಾನು ಕೆಲಸ ಮಾಡಿದ ಒಂದು ವಿವಿಯಲ್ಲಿ ರಸಾಯನಶಾಸ್ತ್ರದ ಹಿರಿಯ ಪ್ರಾಧ್ಯಾಪಕರು ನಿವೃತ್ತರಾದರು. ಆ ಒಂದು ಹುದ್ದೆ ತುಂಬಲು ಅನುಮತಿ ಕೇಳಿ ಕಡತ ಕಳಿಸಿದೆವು. ಯಾವ ಹುದ್ದೆ ಯಾವ ಮೀಸಲಾತಿ ವರ್ಗಕ್ಕೆ ಅಂತ ತೋರಿಸುವ ರೋಸ್ಟರ್ ಪಟ್ಟಿ ಲಗತ್ತಿಸಿಲ್ಲ ಅಂತ ವಾಪಸ್ ಬಂತು. ಲಗತ್ತಿಸಿ ಕಳಿಸಿದೆವು. 371ಜೆ, ಅಂದರೆ ಕಲ್ಯಾಣ ಕರ್ನಾಟಕದವರಿಗೆ ಸಿಗುವ ಮೀಸಲು ಪಾಲಿನ, ಹಂಚಿಕೆ ಸ್ಪಷ್ಟಪಡಿಸಿ ಅಂತ ಮತ್ತೆ ಬಂತು. ಅದನ್ನೂ ಮಾಡಿದೆವು. ಆಮೇಲೆ ಆರ್ಥಿಕ ಇಲಾಖೆಗೆ ಹೋಗಿ ಕೂತಿತು. ನಮ್ಮ ಕಚೇರಿಯ ಸೂಪರಿಂಟೆಂಡೆಂಟರು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ಸರ್ಕಾರಿ ಕಚೇರಿಗಳಿರುವ ಎಂ.ಎಸ್. ಬಿಲ್ಡಿಂಗಿನಲ್ಲಿ ಮೇಜಿನಿಂದ ಮೇಜಿಗೆ ತಿರುಗಿ, ಮರುದಿನ ಕೆಂಪಗಾದ ಕಣ್ಣಲ್ಲಿ ಬರುತ್ತಿದ್ದರು. ಹೀಗೆ ಎಷ್ಟು ಸಲ ಹೋದರೋ ಅವರಿಗೇ ಗೊತ್ತು. ಕೊನೆಗೆ ಆ ಕಡತದ ಲಾಡಿಯೇ ಸವೆದು ಹರಿದಿತ್ತು, ಟಿಪ್ಪಣಿ ಹಾಳೆಯಲ್ಲಿ ಕೊನೆಯ ಷರಾ "ಮರುಮಂಡಿಸಿ", ಅಂದರೆ ಮತ್ತೆ ಕಳಿಸಿ, ಅಂತ ಇತ್ತು. ಅಷ್ಟರಲ್ಲಿ ಎರಡು ಬ್ಯಾಚಿನ ಮಕ್ಕಳು ಅತಿಥಿ ಉಪನ್ಯಾಸಕರ ಪಾಠ ಕೇಳಿಯೇ ಎಂಎಸ್ಸಿ ಮುಗಿಸಿ ಹೋಗಿದ್ದರು. ಆ ಉಪನ್ಯಾಸಕರು ಚೆನ್ನಾಗಿಯೇ ಕಲಿಸಿದರು. ಆದರೆ ಮುಂದಿನ ವರ್ಷ ಕೆಲಸ ಇರುತ್ತೋ ಇಲ್ಲವೋ ಗೊತ್ತಿಲ್ಲದ ಮನುಷ್ಯ ಯಾವ ಧೈರ್ಯದ ಮೇಲೆ ಸಂಶೋಧನೆ ಶುರು ಮಾಡಬೇಕು?

ಪಠ್ಯಕ್ರಮದ ಕಥೆಯೂ ಅಷ್ಟೇ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಅಂತ ನಾಲ್ಕು ವರ್ಷದ ಪದವಿ ಬಂತು. ಸರ್ಕಾರ ಬದಲಾಯಿತು, 2024-25ರಿಂದ ಮತ್ತೆ ಮೂರು ವರ್ಷ. ಎರಡರಲ್ಲಿ ಯಾವುದು ಒಳ್ಳೆಯದು ಅನ್ನೋ ಚರ್ಚೆ ಬೇರೆ. ಎರಡು ಸಲವೂ ತೀರ್ಮಾನ ಮೇಲಿನಿಂದ ಬಂತು, ಪಠ್ಯ ರೂಪಿಸುವ ವಿವಿಯ ಅಧ್ಯಯನ ಮಂಡಳಿಗಳು ಅವಸರದಲ್ಲಿ ಪಠ್ಯ ಬರೆದವು, ಪುಸ್ತಕ ಇನ್ನೂ ಅಂಗಡಿಗೆ ಬಂದಿರಲಿಲ್ಲ, ಅಷ್ಟರಲ್ಲೇ ಪರೀಕ್ಷೆ ಬಂದುಬಿಟ್ಟಿತ್ತು.

ಊರಿಗೆ ತಕ್ಕ ಓದು ಅಂದರೆ ಏನು ಅನ್ನೋದಕ್ಕೆ ಸಂಡೂರಿನ ಹತ್ತಿರದ ನಂದಿಹಳ್ಳಿ ನೋಡಿ. ಬಳ್ಳಾರಿ ವಿವಿಯ ಸ್ನಾತಕೋತ್ತರ ಕೇಂದ್ರದಲ್ಲಿ ಅದಿರು ಸಂಸ್ಕರಣೆಯನ್ನೇ ಒಂದು ವಿಷಯವಾಗಿ ಕಲಿಸುತ್ತಾರೆ. ಸುತ್ತಮುತ್ತ ಗಣಿ, ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ. ಅಲ್ಲಿ ಏನು ಬೇಕು ಅಂತ ಅಲ್ಲೇ ಇರುವ ಅಧ್ಯಾಪಕರಿಗೆ ಗೊತ್ತಿರುತ್ತೆ. ಗಣಿ ಮುಗಿದ ಜಾಗದಲ್ಲಿ ಮತ್ತೆ ಗಿಡ ಬೆಳೆಸುವುದು ಹೇಗೆ, ದೂಳಿನಿಂದ ಬೆಳೆಗೆ ಏನಾಗುತ್ತೆ, ಇಂಥ ಪಾಠಗಳೂ ಅಲ್ಲಿಂದಲೇ ಹುಟ್ಟಬೇಕು. ಸ್ವಾಯತ್ತತೆ ಬೇಕು ಅಂತ ನಾನು ಹಟ ಹಿಡಿಯುವುದು ಇಂಥದ್ದಕ್ಕೆ.

ಇನ್ನು ದುಡ್ಡು. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿವಿ 2010ರಲ್ಲಿ ಗುಲಬರ್ಗಾ ವಿವಿಯಿಂದ ಬೇರೆಯಾಯಿತು. ಬಳ್ಳಾರಿಯಿಂದ ನಿಮ್ಮ ಕೊಪ್ಪಳ ವಿವಿ ಬೇರೆಯಾಗಿ ತಳಕಲ್‌ನಲ್ಲಿ ಶುರುವಾಯಿತು. ಎರಡೇ ವರ್ಷಕ್ಕೆ, 2025ರ ಫೆಬ್ರುವರಿಯಲ್ಲಿ, ಹಣವಿಲ್ಲ ಅಂತ ಸಂಪುಟ ಉಪಸಮಿತಿ 9 ಹೊಸ ವಿವಿಗಳನ್ನು ಮುಚ್ಚುವ ಮಾತಾಡಿತು. ಆ ಪಟ್ಟಿಯಲ್ಲಿ ಕೊಪ್ಪಳವೂ ಇತ್ತು. ಚಿಕ್ಕ ವಿವಿಯ ಸ್ವಂತ ಆದಾಯ ಅಂದರೆ ಹೆಚ್ಚಾಗಿ ತನ್ನ ಅಡಿಯಲ್ಲಿರುವ ಕಾಲೇಜುಗಳು ಕಟ್ಟುವ ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕ. ಜಿಲ್ಲೆಗೊಂದು ವಿವಿ ಮಾಡಿದಾಗ ಕಾಲೇಜುಗಳು ಹಂಚಿಹೋಗುತ್ತವೆ, ಆದಾಯವೂ ಹಂಚಿಹೋಗುತ್ತೆ. ಇಂಥ ವಿವಿಗೆ ನಿನ್ನ ಕಾಲ ಮೇಲೆ ನೀನು ನಿಲ್ಲು ಅಂದರೆ ಅದು ಫೀಸು ಏರಿಸದೆ ಇನ್ನೇನು ಮಾಡೀತು?

ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಸಂಬಳ, ಕಟ್ಟಡ, ಪ್ರಯೋಗಾಲಯ, ಹಾಸ್ಟೆಲ್ಲಿಗೆ ಸರ್ಕಾರ ವರ್ಷವರ್ಷ ಅನುದಾನ ಕೊಡಲೇಬೇಕು ಅಂತ ಕಾನೂನಿನಲ್ಲೇ ಬರೆದು ಸ್ವಾಯತ್ತತೆ ಕೊಟ್ಟರೆ ಫೀಸಿನ ಹೆದರಿಕೆ ಬೇಡ. ಆ ಸಾಲು ಇಲ್ಲದೆ ಕೊಟ್ಟರೆ ಹೆದರಬೇಕು. ನಿಮ್ಮ ಶಾಸಕರು ಸಿಕ್ಕಾಗ ಇದನ್ನೇ ಕೇಳಿ.

ಪ್ರಶ್ನೆ: ನಾನು ಬಳ್ಳಾರಿಯಲ್ಲಿ ಅತಿಥಿ ಉಪನ್ಯಾಸಕಿ. ಸರ್ಕಾರದ ಹಿಡಿತ ಹೋದರೆ ಕುಲಪತಿಯೇ ಪಾಳೇಗಾರ ಆಗಲ್ವಾ ಸರ್? ಮೀಸಲಾತಿ ಗತಿ ಏನು?

ಉತ್ತರ: ಮೀಸಲಾತಿ ಎಲ್ಲೂ ಹೋಗಲ್ಲ ಮೇಡಂ. ಅದು ಸಂವಿಧಾನದ್ದು. ನಮ್ಮ ಭಾಗದ 371ಜೆ ಕೂಡ 2012ರ ಸಂವಿಧಾನ ತಿದ್ದುಪಡಿಯಿಂದಲೇ ಬಂದದ್ದು, ಯಾವ ಸಿಂಡಿಕೇಟೂ ಅದನ್ನು ಮುಟ್ಟುವಂತಿಲ್ಲ. ಪಾಳೇಗಾರಿಕೆಯ ಭಯ ಮಾತ್ರ ನನಗೂ ಇದೆ. ಜಾತಿ ನೋಡಿ, ಕವರ್ ನೋಡಿ ಹುದ್ದೆ ಕೊಟ್ಟ ಕಥೆ ನೀವೂ ಕೇಳಿರುತ್ತೀರಿ. ಆದರೆ ಒಂದು ಮಾತು. ಅದೆಲ್ಲ ನಡೆದದ್ದು ಸರ್ಕಾರದ ಹಿಡಿತ ಇದ್ದಾಗಲೇ ತಾನೆ? ಸಂದರ್ಶನದಲ್ಲಿ ಯಾರಿಗೆ ಎಷ್ಟು ಅಂಕ ಬಂತು ಅಂತ ಅದೇ ದಿನ ನೋಟಿಸ್ ಬೋರ್ಡಿಗೆ ಹಾಕಬೇಕು. ಸಂದರ್ಶಕರಲ್ಲಿ ಹೊರ ರಾಜ್ಯದವರು ಜಾಸ್ತಿ ಇರಬೇಕು. ಲೆಕ್ಕಪರಿಶೋಧನೆಯ ವರದಿ ಎಲ್ಲರ ಕಣ್ಣಿಗೆ ಬೀಳಬೇಕು. ಸಿಂಡಿಕೇಟಿನಲ್ಲಿ ಆಯ್ಕೆಯಾದ ಅಧ್ಯಾಪಕರು, ವಿದ್ಯಾರ್ಥಿಗಳು ಕೂರಬೇಕು, ಪಕ್ಷದ ಕಾರ್ಯಕರ್ತರಲ್ಲ. ಇಷ್ಟು ಇಲ್ಲದ ಸ್ವಾಯತ್ತತೆಯನ್ನು ನಾನೂ ಒಪ್ಪಲ್ಲ.

ಪ್ರಶ್ನೆ: ಸರ್, ನಾನು ಮಾನ್ವಿಯವನು, ಬಿಕಾಂ. ಫಲಿತಾಂಶ ತಡ, ಬಂದಾಗ ಒಂದು ವಿಷಯದಲ್ಲಿ ಗೈರು ಅಂತ ಬಂತು. ನಾನು ಪರೀಕ್ಷೆ ಬರೆದಿದ್ದೇನೆ. ಕಾಲೇಜಿನವರು ಯೂನಿವರ್ಸಿಟಿ ಕೇಳು ಅಂತಾರೆ, ಯೂನಿವರ್ಸಿಟಿಯವರು ಪೋರ್ಟಲ್ ಸಮಸ್ಯೆ ಅಂತಾರೆ. ಸ್ವಾಯತ್ತತೆ ಬಂದರೆ ಇದು ಸರಿ ಹೋಗುತ್ತಾ?

ಉತ್ತರ: ತಮ್ಮಾ, ಪ್ರವೇಶದಿಂದ ಅಂಕಪಟ್ಟಿವರೆಗೆ ರಾಜ್ಯದ ವಿವಿಗಳಿಗೆಲ್ಲ ಯುಯುಸಿಎಂಎಸ್ ಅನ್ನೋ ಒಂದೇ ಪೋರ್ಟಲ್. ಅದು ವಿವಿಯ ಕೈಯಲ್ಲಿಲ್ಲ, ಅದಕ್ಕೇ ಬೆರಳು ಬೆಂಗಳೂರಿನ ಕಡೆ ತೋರಿಸುತ್ತಾರೆ. ಪರೀಕ್ಷೆ ಪೂರ್ತಿ ವಿವಿಯದೇ ಆದರೆ ಈ ನೆಪ ಇರಲ್ಲ. ಆದರೆ ನೀನು ಅಲ್ಲಿವರೆಗೆ ಕಾಯಬೇಡ. ಮೊದಲು ಹಾಲ್ ಟಿಕೆಟ್ ಹುಡುಕು, ಅದರಲ್ಲಿ ಆ ದಿನದ ಮೇಲ್ವಿಚಾರಕರ ಸಹಿ ಇದೆಯಾ ನೋಡು. ಕಾಲೇಜಿನಲ್ಲಿ ಆ ದಿನದ ಹಾಜರಿ ಹಾಳೆಯ ಪ್ರತಿ ಕೇಳು. ಎರಡನ್ನೂ ಸೇರಿಸಿ ಕುಲಸಚಿವ (ಮೌಲ್ಯಮಾಪನ) ಅವರಿಗೆ ಅರ್ಜಿ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊ. ಜೊತೆಗೆ ಮಾಹಿತಿ ಹಕ್ಕಿನಲ್ಲಿ ನಿನ್ನ ಉತ್ತರ ಪತ್ರಿಕೆಯ ಪ್ರತಿ ಕೇಳು. ತನ್ನ ಉತ್ತರ ಪತ್ರಿಕೆ ನೋಡುವ ಹಕ್ಕು ವಿದ್ಯಾರ್ಥಿಗೆ ಇದೆ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಅರ್ಜಿ ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಬರದಿದ್ದರೆ ಅದೇ ವಿವಿಯ ಮೇಲ್ಮನವಿ ಅಧಿಕಾರಿಗೆ ಬರೆ. ಸೀಲು ಇರುವ ಪ್ರತಿಯನ್ನು ಮಾತ್ರ ಯಾರ ಕೈಗೂ ಕೊಡಬೇಡ, ಜೆರಾಕ್ಸ್ ಕೊಡು.