ಲೈಸೆನ್ಸ್ ಇಲ್ಲದೆ ಫಾರಿನ್ ಕೆಲಸ ಕೊಡಿಸುತ್ತೇನೆ ಎಂದು ದುಡ್ಡು ತೆಗೆದುಕೊಂಡವನ ಮೇಲೆ ಕ್ರಿಮಿನಲ್ ಕೇಸ್ ಆಗುತ್ತದಾ?

ನೀವು ಬರೆದದ್ದು ಇಷ್ಟು. ಊರಿನ ಪರಿಚಯದವನೊಬ್ಬ ಕುವೈತ್‌ನಲ್ಲಿ ಡ್ರೈವರ್ ಕೆಲಸ ಎಂದು ನಿಮ್ಮ ತಮ್ಮನಿಂದ 1.4 ಲಕ್ಷ ತೆಗೆದುಕೊಂಡ. ಎಂಟು ತಿಂಗಳಾದರೂ ವೀಸಾ ಇಲ್ಲ. ಈಗ ಕೇಳಿದರೆ "ನಾನು ಬರೀ ಮಧ್ಯದವನು, ದುಡ್ಡು ಮುಂಬೈ ಆಫೀಸಿಗೆ ಹೋಗಿದೆ" ಎನ್ನುತ್ತಾನೆ. ಅವನ ಮೇಲೆ ಕೇಸ್ ನಿಲ್ಲುತ್ತದಾ? ಅಕ್ಕನಾದ ನೀವು ದೂರು ಕೊಡಬಹುದಾ?

ನಿಲ್ಲುತ್ತದೆ. ಕೊಡಬಹುದು. ನಾನು ಜಿಲ್ಲಾ ಕೋರ್ಟಿನಲ್ಲಿ ವಕೀಲ. ಇಂಥ ಕೇಸಿನಲ್ಲಿ ಸಿಕ್ಕಿಬಿದ್ದವರೆಲ್ಲ ಮೊದಲು ಹೇಳುವುದೇ ಈ "ಮಧ್ಯದವನು" ಮಾತು. ಅದನ್ನು ಹೇಳಿದರೆ ಅರ್ಧ ತಪ್ಪು ಒಪ್ಪಿಕೊಂಡ ಹಾಗೆ ಅಂತ ಅವರಿಗೆ ಗೊತ್ತಿರುವುದಿಲ್ಲ.

1983ರ ಎಮಿಗ್ರೇಷನ್ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ, ನೋಂದಣಿ (ಜನ ಲೈಸೆನ್ಸ್ ಎನ್ನುವುದು ಇದನ್ನೇ) ಇಲ್ಲದವರು ವಿದೇಶದ ಕೆಲಸಕ್ಕೆ ಜನ ಸೇರಿಸುವಂತಿಲ್ಲ. ಸೇರಿಸುವುದು ಎಂದರೆ ವಿಮಾನ ಹತ್ತಿಸುವುದು ಮಾತ್ರ ಅಲ್ಲ. ಜಾಹೀರಾತು ಹಾಕಿದರೂ ಸಾಕು. ಸಂಬಳ ಇಷ್ಟು, ರೂಮು ಕಂಪನಿಯದು ಎಂದು ಮಾತುಕತೆ, ಪತ್ರ ವ್ಯವಹಾರ ನಡೆಸಿದರೂ ಸಾಕು. ನಿಮ್ಮ ತಮ್ಮನಿಗೆ ಅವನು ಕಳಿಸಿದ ವಾಟ್ಸಾಪ್ ಮೆಸೇಜ್‌ಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಮುಂಬೈ ಆಫೀಸಿಗೆ ನಿಜವಾಗಿ ಲೈಸೆನ್ಸ್ ಇದ್ದರೂ ಅದು ಇವನ ಲೈಸೆನ್ಸ್ ಆಗುವುದಿಲ್ಲ. ಸಬ್ ಏಜೆಂಟ್ ಎಂದು ಊರೂರು ತಿರುಗುವುದಕ್ಕೆ ಕಾನೂನಿನಲ್ಲಿ ಜಾಗ ಇಲ್ಲ. ಕೇಂದ್ರ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ, ಇವತ್ತೇ ನೋಡಿ. ಪಟ್ಟಿಯಲ್ಲಿ ಇರುವವರೂ ಕೆಲಸಗಾರನಿಂದ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ, ಅದಕ್ಕೂ ರಸೀದಿ ಕೊಡಬೇಕು. ಅಂದರೆ 1.4 ಲಕ್ಷ ಯಾವ ದಾರಿಯಲ್ಲಿ ನೋಡಿದರೂ ತಪ್ಪೇ.

ಶಿಕ್ಷೆ 24ನೇ ಸೆಕ್ಷನ್‌ನಲ್ಲಿದೆ. ಎರಡು ವರ್ಷದವರೆಗೆ ಜೈಲು, ವಿಶೇಷ ಕಾರಣ ಇಲ್ಲದಿದ್ದರೆ ಆರು ತಿಂಗಳಿಗಿಂತ ಕಡಿಮೆ ಕೊಡುವಂತಿಲ್ಲ. ದಂಡ ಹೆಚ್ಚೆಂದರೆ 2,000 ರೂಪಾಯಿ. 1983ರಲ್ಲಿ ಅದು ದೊಡ್ಡ ದುಡ್ಡು ಇರಬಹುದು, ಈಗ ನಗು ಬರುತ್ತದೆ ಅಲ್ವಾ? ಅದಕ್ಕೇ ಪೊಲೀಸರು ಎಷ್ಟೋ ಸಲ ಈ ಕಾಯ್ದೆ ಬಿಟ್ಟು ವಂಚನೆ ಸೆಕ್ಷನ್ ಒಂದನ್ನೇ ಹಾಕುತ್ತಾರೆ. ಅದು ಭಾರತೀಯ ನ್ಯಾಯ ಸಂಹಿತೆಯ 318(4), ಏಳು ವರ್ಷದವರೆಗೆ ಶಿಕ್ಷೆ. ದುಡ್ಡು ಕೊಟ್ಟದ್ದು 2024ರ ಜುಲೈ 1ಕ್ಕೆ ಮೊದಲಾದರೆ ಹಳೆಯ 420. ಆದರೆ ವಂಚನೆಯಲ್ಲಿ ಮೊದಲ ದಿನದಿಂದಲೇ ಮೋಸದ ಉದ್ದೇಶ ಇತ್ತು ಎಂದು ತೋರಿಸಬೇಕು. "ಪ್ರಯತ್ನಪಟ್ಟೆ, ಆಗಲಿಲ್ಲ" ಎಂದು ಅವನ ವಕೀಲರು ವಾದಿಸುತ್ತಾರೆ. 10ನೇ ಸೆಕ್ಷನ್‌ಗೆ ಆ ತಲೆನೋವಿಲ್ಲ, ನೋಂದಣಿ ಇತ್ತಾ ಇಲ್ಲವಾ ಅಷ್ಟೇ. ದೂರಿನಲ್ಲಿ ಎರಡೂ ಇರಲಿ.

ಈ ಕಾಯ್ದೆಯಲ್ಲಿ ಕೇಸ್ ನಡೆಸಲು ಕೇಂದ್ರ ಸರ್ಕಾರದ ಅನುಮತಿ ಬೇಕು ಎಂದು ಯಾರಾದರೂ ನಿಮ್ಮನ್ನು ಹೆದರಿಸಬಹುದು. ಮೋಸ ಹೋದವನೇ ದೂರು ಕೊಟ್ಟರೆ, ಅಥವಾ ಅವನ ಪರವಾಗಿ ಅಪ್ಪ, ಅಮ್ಮ, ಗಂಡ, ಹೆಂಡತಿ, ಮಕ್ಕಳು, ಅಣ್ಣತಮ್ಮ, ಅಕ್ಕತಂಗಿ ಕೊಟ್ಟರೆ ಅನುಮತಿ ಬೇಡ. 27ನೇ ಸೆಕ್ಷನ್‌ನಲ್ಲೇ ಇದೆ. ಅತ್ತಿಗೆ, ಮಾವ ಆ ಪಟ್ಟಿಯಲ್ಲಿಲ್ಲ, ನೀವಿದ್ದೀರಿ.

ಮೊದಲು ಸ್ಟೇಷನ್. ಎಫ್ಐಆರ್ ಮಾಡದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ದೂರು, ಆಮೇಲೆ ಮ್ಯಾಜಿಸ್ಟ್ರೇಟ್. ವಿದೇಶಕ್ಕೆ ಕೆಲಸಕ್ಕೆ ಹೋಗುವವರ ಹಿತ ನೋಡುವ ಕೇಂದ್ರ ಸರ್ಕಾರದ ಬೆಂಗಳೂರಿನ ಪ್ರೊಟೆಕ್ಟರ್ ಆಫ್ ಎಮಿಗ್ರೆಂಟ್ಸ್ ಕಚೇರಿಗೂ ಒಂದು ಪ್ರತಿ ಕಳಿಸಿ. ಈ ಕಾಯ್ದೆಯ ಅಪರಾಧಕ್ಕೆ ಮೂರು ವರ್ಷದ ಗಡುವು ಇದೆ, ಸುಮ್ನೆ ಕಾಯಬೇಡಿ.

ಕೇಸ್ ಎಂದ ಕೂಡಲೇ ಅವನು ಸ್ಟಾಂಪ್ ಪೇಪರ್ ತರುತ್ತಾನೆ. "ಕೈಸಾಲ ತೆಗೆದುಕೊಂಡಿದ್ದೆ, ಕಂತಿನಲ್ಲಿ ಕೊಡುತ್ತೇನೆ" ಎಂದು ಬರೆದಿರುತ್ತಾನೆ. ಸಹಿ ಹಾಕಬೇಡಿ. ಹಾಕಿದರೆ ಸ್ಟೇಷನ್‌ನಲ್ಲಿ "ಇದು ಸಾಲದ ವಿಷಯ, ಸಿವಿಲ್ ಕೋರ್ಟಿಗೆ ಹೋಗಿ" ಎನ್ನುತ್ತಾರೆ. ನನ್ನ ಬಳಿ ಬಂದವರಲ್ಲಿ ಒಬ್ಬರು ಹೀಗೇ ಸಿಕ್ಕಿಹಾಕಿಕೊಂಡಿದ್ದರು.

ಅವನೊಡನೆ ಜಗಳಕ್ಕೆ ಇಳಿಯುವ ಮೊದಲು ಚಾಟ್ ಪೂರ್ತಿ ಎಕ್ಸ್‌ಪೋರ್ಟ್ ಮಾಡಿ, ಆ ಫೋನನ್ನು ಮಾರಬೇಡಿ. ತಮ್ಮನ ಪಾಸ್‌ಪೋರ್ಟ್ ಅವನ ಹತ್ತಿರವೇ ಇದ್ದರೆ ದೂರಿನ ಮೊದಲ ಪ್ಯಾರಾದಲ್ಲೇ ಬರೆಯಿರಿ.