ನಾಯಿಗಾಗಿ ಓಲೆ ಅಡ ಇಡಬೇಕೆ?

ದಾವಣಗೆರೆಯ ನಿಟ್ಟುವಳ್ಳಿ ಕಡೆಯವರು, ವಯಸ್ಸು ಐವತ್ತು ದಾಟಿದೆ. ಶಾರದಮ್ಮ ಎಂದಿಟ್ಟುಕೊಳ್ಳೋಣ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಖಡಕ್ ರೊಟ್ಟಿ ತಟ್ಟಿ ಮೆಸ್‌ಗಳಿಗೆ ಕೊಡುತ್ತಾರೆ. ನಿದ್ದೆ ಬರುತ್ತಿಲ್ಲ, ಮಗನ ಜೊತೆ ಮಾತು ನಿಂತಿದೆ ಎಂದು ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವರು ಕೂತ ಕೂಡಲೇ ಪರ್ಸಿನಿಂದ ತೆಗೆದದ್ದು ನಾಯಿಯ ಸ್ಕ್ಯಾನಿಂಗ್ ರಿಪೋರ್ಟು. ಅದರ ಮಡಿಕೆಯಲ್ಲಿ ಕರವಸ್ತ್ರದಲ್ಲಿ ಕಟ್ಟಿದ ಒಂದು ಜೊತೆ ಓಲೆ, ಗಿರವಿ ಅಂಗಡಿಯವರು ತೂಕ ಬರೆದುಕೊಟ್ಟ ಚೀಟಿ.

ರಾಣಿ 2020ರ ಲಾಕ್‌ಡೌನಿನಲ್ಲಿ ಮಗ ತಂದ ಮರಿ. ಆತ ಕೆಲಸಕ್ಕೆಂದು ಬೆಂಗಳೂರಿಗೆ ಹೋದ, ನಾಯಿ ಅಮ್ಮನ ಪಾಲಿಗೆ ಉಳಿಯಿತು. ಈಗ ಬೆದೆ ಮುಗಿದ ಕೆಲವು ವಾರಕ್ಕೆ ಊಟ ಬಿಟ್ಟು ಬರೀ ನೀರು ಕುಡಿಯತೊಡಗಿದೆ. ಗರ್ಭಕೋಶದಲ್ಲಿ ಕೀವು. ಸಂತಾನಹರಣ ಮಾಡಿಸದ ಹೆಣ್ಣುನಾಯಿಗಳಿಗೆ ಬರುವ ಪಯೋಮೆಟ್ರಾ ಇದು. ಗರ್ಭಕೋಶ ತೆಗೆಯುವುದೇ ಖಚಿತ ದಾರಿ. ತಡವಾದರೆ ನಂಜು ಮೈಗೆಲ್ಲ ಏರುತ್ತದೆ. ಖಾಸಗಿ ಕ್ಲಿನಿಕ್ಕಿನವರು 18,000 ರೂಪಾಯಿ ಹೇಳಿದ್ದರು.

“ಅವ್ನೇ ತಂದಿದ್ದು ರೀ ಮೇಡಂ. ಈಗ ಕುಂದವಾಡ ಕೆರೆ ಕಡೆ ಬಿಟ್ಟು ಬಾ ಅಂತಾನೆ. ಓಣ್ಯಾಗಿನವ್ರೂ ನಗ್ತಾರೆ.”

ಹಾಗೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ ಎಂದೆ. ಮಗನ ಬಾಯಲ್ಲಿ ಅದು ಸಿಟ್ಟಿನ ಮಾತಷ್ಟೇ ಇದ್ದೀತು.

ನನಗೆ ಹೆಚ್ಚು ಕಾಡಿದ್ದು ಬೇರೆ. ಗಿರವಿ ಅಂಗಡಿಗೆ ಹೋಗಿ ಬಂದ ಈಕೆ, ದುಡ್ಡು ಸಾಲದು ಎಂಬ ಮಾತನ್ನು ಡಾಕ್ಟರ ಮುಂದೆ ಎತ್ತಿಯೇ ಇರಲಿಲ್ಲ. “ಸಾಕೋಕೆ ಯೋಗ್ಯತೆ ಇಲ್ಲದೋರು ಯಾಕ್ ಸಾಕಿದ್ರಿ ಅಂದ್ರೆ?” ಮನುಷ್ಯರ ಆಸ್ಪತ್ರೆಯಲ್ಲಿ ಚೌಕಾಸಿ ಮಾಡುವ ನಾವು ಪ್ರಾಣಿಯ ವಿಷಯಕ್ಕೆ ಬಂದಾಗ ಮಾತ್ರ ನಾಚಿಕೆಯಿಂದ ಬಾಯಿ ಮುಚ್ಚುತ್ತೇವೆ. ಪ್ರಾಣಿ ಸಾಕಿದವರ ಎಷ್ಟೋ ಸಾಲಗಳ ಬೇರು ಇಲ್ಲೇ ಇದೆ ಎಂಬುದು ನನ್ನ ಅನಿಸಿಕೆ.

ಕಾಯುವ ಕಾಯಿಲೆ ಅಲ್ಲವಾದ್ದರಿಂದ ಅಲ್ಲೇ ಫೋನ್ ಮಾಡಿಸಿದೆ. ಕೇಳಬೇಕಾದ್ದನ್ನು ಬರೆದುಕೊಂಡೆವು: ಖರ್ಚನ್ನು ಬಿಡಿಬಿಡಿಯಾಗಿ ಬರೆದುಕೊಡುತ್ತೀರಾ? ಇವತ್ತೇ ಆಗಬೇಕಾದ್ದು ಯಾವುದು? ಆಪರೇಷನ್ ಆದಮೇಲೆ ಮನೆಯಲ್ಲೇ ನೋಡಿಕೊಂಡರೆ ಆಗುತ್ತದಾ? ಕಂತು ಕೊಡುತ್ತೀರಾ? ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯುವಷ್ಟು ತ್ರಾಣ ನಾಯಿಗಿದೆಯಾ? ಕೊನೆಯ ಪ್ರಶ್ನೆಗೆ ಡಾಕ್ಟರು ಬೇಡ, ಇಲ್ಲೇ ಮಾಡೋಣ ಎಂದರು. ಒಳರೋಗಿಯಾಗಿ ಇರಿಸಿಕೊಳ್ಳುವುದನ್ನು ಕೈಬಿಟ್ಟು, ಮುಂದಿನ ಇಂಜೆಕ್ಷನ್‌ಗಳನ್ನು ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಹಾಕಿಸಿಕೊಳ್ಳಲು ಚೀಟಿ ಬರೆದುಕೊಟ್ಟರು. ಮೊತ್ತ 13,500ಕ್ಕೆ ಇಳಿಯಿತು.

ಇನ್ನೊಂದು ಪ್ರಶ್ನೆ ಕೇಳಲು ಅವರಿಗೆ ಕಷ್ಟವಾಯಿತು, ಕಣ್ಣೀರೂ ಬಂತು: ಹೊಟ್ಟೆ ತೆರೆದ ಮೇಲೆ ಕೈ ಮೀರಿದೆ ಎಂದು ಕಂಡರೆ? ಎಲ್ಲಿಯವರೆಗೆ ಖರ್ಚು, ಯಾವ ಹಂತದಲ್ಲಿ ನೋವಿಲ್ಲದೆ ಕಳಿಸಿಕೊಡುವುದು ಎಂಬುದನ್ನು ಮೊದಲೇ ಮಾತಾಡಿಕೊಳ್ಳಲು ಹೇಳಿದೆ. ಆಪರೇಷನ್ ಕೋಣೆಯ ಬಾಗಿಲಲ್ಲಿ ನಿಂತು ಅದನ್ನು ತೀರ್ಮಾನಿಸುವುದು ಯಾರಿಗೂ ಆಗದು.

ಮೊಬೈಲ್ ಆ್ಯಪಿನ ಸಾಲ ಬೇಡವೇ ಬೇಡ ಎಂದೆ. ನಾಯಿಗೆ ವಿಮೆ ಮಾಡಿಸಿದರೂ ಆಗಲೇ ಬಂದಿರುವ ಕಾಯಿಲೆಗೆ ಅದರಿಂದ ಹಣ ಸಿಗದು. ಪಕ್ಕದ ಮನೆಯ ಹುಡುಗಿ ವಾಟ್ಸಾಪಿನಲ್ಲಿ ಹಣ ಕೇಳೋಣ ಅಂದಿದ್ದಳಂತೆ. ಕೇಳಿ, ಆದರೆ ಬಿಲ್ಲಿನ ಫೋಟೊ ಹಾಕಿ, ಹಣ ನೇರ ಕ್ಲಿನಿಕ್ಕಿನ ಖಾತೆಗೇ ಹೋಗಲಿ ಎಂದೆ. ಅದರ ಅಗತ್ಯ ಬೀಳಲಿಲ್ಲ.

ಮಗನಿಗೆ ಹೇಗೆ ಹೇಳುವುದು? “ನೀನೇ ತಂದಿದ್ದು” ಎಂದು ಶುರು ಮಾಡಿದರೆ ಜಗಳಕ್ಕೇ ಹೋಗುತ್ತದೆ. ಮೊತ್ತ, ದಿನ ಎರಡನ್ನೂ ಹೇಳಿ ಕೇಳಿ ಎಂದೆ. ಅವರು ಕಳಿಸಿದ ವಾಯ್ಸ್ ಮೆಸೇಜು: “ಶುಕ್ರವಾರದೊಳಗೆ ನಾಲ್ಕು ಸಾವಿರ ಹಾಕ್ತೀಯೇನಪ್ಪಾ? ಆಗಲ್ಲ ಅಂದ್ರೂ ಹೇಳು, ಬೇರೆ ದಾರಿ ನೋಡ್ತೀನಿ.” ಬಯ್ಯದ ಅಮ್ಮನನ್ನು ಕೇಳಿ ಅವನಿಗೇ ಗಾಬರಿಯಾಗಿರಬೇಕು. ಹಣ ಹಾಕಿದ. ಚೀಟಿ ಫಂಡಿನಲ್ಲಿ ಬಂದಿದ್ದ 5,000 ಇತ್ತು, ಉಳಿದದ್ದಕ್ಕೆ ಎರಡು ಕಂತು.

ಆಪರೇಷನ್ ಆಯಿತು, ರಾಣಿ ತಿನ್ನುತ್ತಿದೆ. ನಿದ್ದೆಯ ಸಮಸ್ಯೆ ಪೂರ್ತಿ ಹೋಗಿಲ್ಲ; ಅದಕ್ಕೆ ಮಗ ಊರಿಗೆ ಬಂದಾಗ ಇಬ್ಬರನ್ನೂ ಕೂರಿಸಿ ಮಾತಾಡುವುದಿದೆ. ಒಂದು ಕಂತು ಬಾಕಿ. ರಾಣಿಯದೇ ಒಂದು ಹೆಣ್ಣುಮರಿ ಅದೇ ಓಣಿಯಲ್ಲಿದೆಯಂತೆ, ಅದಕ್ಕೆ ಸಂತಾನಹರಣ ಮಾಡಿಸಲು ಎಷ್ಟಾಗುತ್ತದೆ ಎಂದು ಈ ಸಲ ಶಾರದಮ್ಮನೇ ಡಾಕ್ಟರನ್ನು ಕೇಳಿಕೊಂಡು ಬಂದಿದ್ದಾರೆ.