ಮಜ್ದಾ ಕಾರು ಓಡಿಸುವುದು ಅಷ್ಟು ಮಜಾ ಅಂತಾರಲ್ಲ, ಯಾಕೆ?

ಮಜ್ದಾ 1920ರಲ್ಲಿ ಹಿರೋಷಿಮಾದಲ್ಲಿ ಶುರುವಾದಾಗ ಕಾರ್ಕ್ ತಯಾರಿಸುವ ಕಂಪನಿ! 1931ರಲ್ಲಿ ಮೂರು ಚಕ್ರದ ಸಾಮಾನು ಗಾಡಿ ತಂದಿತು. 1967ರ ಕಾಸ್ಮೋ ಸ್ಪೋರ್ಟ್ ಕಾರಿಗೆ ರೋಟರಿ ಎಂಜಿನ್ ಹಾಕಿತು. ಅದರಲ್ಲಿ ಮಾಮೂಲಿ ಎಂಜಿನ್ನಿನಂತೆ ಮೇಲೆ ಕೆಳಗೆ ಆಡುವ ಪಿಸ್ಟನ್ ಇಲ್ಲ, ತ್ರಿಕೋನದ ರೋಟರ್ ಸುತ್ತುತ್ತದೆ. ಗಾತ್ರ ಚಿಕ್ಕದು, ಓಟ ನಯ, ಪೆಟ್ರೋಲ್ ಖರ್ಚು ಮಾತ್ರ ಜಾಸ್ತಿ. ರೋಟರಿ ಎಂಜಿನ್ನಿನ ಮಜ್ದಾ 1991ರಲ್ಲಿ ಲೆ ಮಾನ್ಸ್ 24 ಗಂಟೆ ರೇಸನ್ನೂ ಗೆದ್ದಿತು.

ಆದರೆ ಜನ ನಿಜವಾಗಿ ಮನಸೋತಿದ್ದು 1989ರಲ್ಲಿ ಬಂದ ಮಜ್ದಾದ ಮಿಯಾಟಾ ಕಾರಿಗೆ. ಎರಡೇ ಸೀಟು, ಮಡಚುವ ಟಾಪ್, 1.6 ಲೀಟರ್ ಎಂಜಿನ್. ಶಕ್ತಿ ಹಿಂದಿನ ಚಕ್ರಗಳಿಗೆ. ತೂಕ ಹೆಚ್ಚುಕಮ್ಮಿ ಒಂದು ಟನ್, ಅದೂ ಮುಂದೆ ಹಿಂದೆ ಸಮನಾಗಿ ಹಂಚಿಕೊಂಡಿದೆ. ಹಾಗಾಗಿ ಸ್ಟೇರಿಂಗ್ ತಿರುಗಿಸಿದ ಕೂಡಲೇ ಕಾರು ಮಾತು ಕೇಳುತ್ತದೆ. ಸುಮ್ನೆ ಊರೊಳಗೆ ಹೋದರೂ ಖುಷಿ. ಬೆಲೆಯೂ ದುಬಾರಿ ಸ್ಪೋರ್ಟ್ಸ್ ಕಾರುಗಳಷ್ಟಿಲ್ಲ. ಭಾರತದಲ್ಲಿ ಕಂಪನಿ ಕಾರು ಮಾರುವುದಿಲ್ಲ, ಅದೇ ಬೇಜಾರು.